ಮಡಕೆ, ಮರಗೆಲಸ, ಮಾರ್ಚಿಂಗ್ ಬ್ಯಾಂಡ್: ಕ್ಯಾಲಿಫೋರ್ನಿಯಾ ಹೈಸ್ಕೂಲಿನಲ್ಲಿ ಎಲೆಕ್ಟಿವ್ ಆರಿಸುವುದು ಹೇಗೆ?

ಫೆಬ್ರವರಿ ಬಂತೆಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ಅಕ್ಕಾ, ಮಗಳು ಬರೋ ವರ್ಷ 9ನೇ ಕ್ಲಾಸು. ಎಲೆಕ್ಟಿವ್ ಅಂತ ಫಾರ್ಮ್ ಕೊಟ್ಟಿದ್ದಾರೆ. ಸೆರಾಮಿಕ್ಸ್, ವುಡ್ ಶಾಪ್, ಕಲಿನರಿ, ಥಿಯೇಟರ್ ಅಂತೆಲ್ಲ ಇದೆ. ಏನು ಬರೆಯೋದು?" ಒಬ್ಬೊಬ್ಬರಿಗೂ ಅರ್ಧ ಗಂಟೆ ಹೇಳಿ ಸಾಕಾಗಿ ಇದನ್ನು ಬರೆದಿಟ್ಟಿದ್ದೇನೆ. ಇದು ಕ್ಯಾಲಿಫೋರ್ನಿಯಾದ ಸರ್ಕಾರಿ ಹೈಸ್ಕೂಲುಗಳಿಗೆ, ಅಂದರೆ ಇಲ್ಲಿನ ಪಬ್ಲಿಕ್ ಸ್ಕೂಲುಗಳಿಗೆ ಮಾತ್ರ. ಟೆಕ್ಸಸ್, ನ್ಯೂಜೆರ್ಸಿಯವರ ನಿಯಮಗಳು ಬೇರೆ.

ನಮ್ಮ ಕಾಲದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಪೀರಿಯಡ್ ಇತ್ತು, ಕ್ರಾಫ್ಟ್ ಪೀರಿಯಡ್ ಇತ್ತು. ಪರೀಕ್ಷೆ ಹತ್ತಿರ ಬಂದ ಕೂಡಲೇ ಗಣಿತದ ಮೇಷ್ಟ್ರು ಬಂದು ಅದನ್ನು ತಗೊಂಡುಬಿಡುತ್ತಿದ್ದರು, ಅಲ್ವಾ? ಆ ನೆನಪನ್ನು ಇಲ್ಲಿ ಬದಿಗಿಡಿ. ಇಲ್ಲಿ ಎಲೆಕ್ಟಿವ್ ಎಂದರೆ ಮಗು ತಾನೇ ಆರಿಸಿಕೊಳ್ಳುವ, ಗಣಿತದಷ್ಟೇ ಹೊತ್ತು ನಡೆಯುವ, ಗ್ರೇಡ್ ಕೊಡುವ, ಟ್ರಾನ್ಸ್‌ಕ್ರಿಪ್ಟಿನಲ್ಲಿ ಉಳಿಯುವ ಕ್ಲಾಸು. ಟ್ರಾನ್ಸ್‌ಕ್ರಿಪ್ಟ್ ಎಂದರೆ ಹೈಸ್ಕೂಲಿನ ನಾಲ್ಕು ವರ್ಷದ (9ರಿಂದ 12) ಎಲ್ಲ ಕ್ಲಾಸು, ಎಲ್ಲ ಗ್ರೇಡು ಒಂದೇ ಕಡೆ ಇರುವ ಅಂಕಪಟ್ಟಿ. ಕಾಲೇಜಿನವರು ನೋಡುವುದು ಅದನ್ನೇ.

ಶುರು ಮಾಡುವ ಮೊದಲು ಮೂರು ಕಾಗದ ಕೈಲಿರಲಿ: ಶಾಲೆಯ ಈ ವರ್ಷದ ಕೋರ್ಸ್ ಕ್ಯಾಟಲಾಗ್, ಹೈಸ್ಕೂಲ್ ಮುಗಿಸಲು ಬೇಕಾದ ಕ್ರೆಡಿಟ್‌ಗಳ ಪಟ್ಟಿ, ಶಾಲೆಯ ವಾರ್ಷಿಕ ಕ್ಯಾಲೆಂಡರ್. ಮೂರೂ ಶಾಲೆಯ ವೆಬ್‌ಸೈಟಿನಲ್ಲಿ ಸಿಗುತ್ತವೆ.

1. ಖಾಲಿ ಜಾಗ ಎಷ್ಟಿದೆ ಎಣಿಸಿ

ದಿನಕ್ಕೆ 6 ಪೀರಿಯಡ್ ಇರುವ ಶಾಲೆ ಎಂದುಕೊಳ್ಳಿ. ನಾಲ್ಕು ವರ್ಷಕ್ಕೆ 24 ಜಾಗ. ಕಾಲೇಜಿಗೆ ಹೋಗುವ ಮಗುವಿಗೆ ಇಂಗ್ಲಿಷ್ 4, ಗಣಿತ 4, ವಿಜ್ಞಾನ 3, ಸಮಾಜ 3, ಪಿಇ (ದೈಹಿಕ ಶಿಕ್ಷಣ) 2, ಎರಡನೇ ಭಾಷೆ 3 ಎಂದರೆ 19 ಆಯಿತು. ಉಳಿದದ್ದು 5. ನಾಲ್ಕನೇ ವರ್ಷವೂ ವಿಜ್ಞಾನ ಬೇಕು, ಜೊತೆಗೆ ಕಂಪ್ಯೂಟರ್ ಸೈನ್ಸ್ ಬೇಕು ಅಂದರೆ ಉಳಿಯುವುದು 3. ದಿನಕ್ಕೆ 7 ಪೀರಿಯಡ್ ಇದ್ದರೆ ಇನ್ನೂ 4 ಜಾಗ ಜಾಸ್ತಿ.

ಕ್ರೆಡಿಟ್ ಎಂದರೆ ಕ್ಲಾಸು ಮುಗಿಸಿದ್ದಕ್ಕೆ ಸಿಗುವ ಅಂಕೆ. ಇಲ್ಲಿನ ಹೆಚ್ಚಿನ ಶಾಲಾ ಜಿಲ್ಲೆಗಳಲ್ಲಿ (ಊರಿನ ಶಾಲೆಗಳನ್ನು ನಡೆಸುವ ಆಡಳಿತಗಳಲ್ಲಿ) ಒಂದು ಸೆಮಿಸ್ಟರಿಗೆ 5, ಪೂರ್ತಿ ವರ್ಷಕ್ಕೆ 10.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. 9ನೇ ಕ್ಲಾಸಿನ ಫಾರ್ಮ್ ಒಂದನ್ನೇ ನೋಡುತ್ತಾರೆ. ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆದು ನಾಲ್ಕೂ ವರ್ಷ ಬರೆಯಿರಿ. ಪೆನ್ಸಿಲಿನಲ್ಲೇ ಬರೆಯಿರಿ, ಹೇಗೂ ಬದಲಾಗುತ್ತದೆ. 11ನೇ ಕ್ಲಾಸು ಬರುವ ಹೊತ್ತಿಗೆ ಓದಿನ ಭಾರ ಜಾಸ್ತಿಯಾಗಿ ಜಾಗ ತುಂಬಿಹೋಗುತ್ತದೆ. ಹಾಗಾಗಿ ಕೈಕೆಲಸದ ಕ್ಲಾಸನ್ನು 9 ಅಥವಾ 10ರಲ್ಲೇ ಶುರು ಮಾಡಿಸುವುದು ಒಳ್ಳೆಯದು.

2. ಯಾವುದು ಲೆಕ್ಕಕ್ಕೆ ಬರುತ್ತದೆ ನೋಡಿ

ಎರಡು ಲೆಕ್ಕಗಳಿವೆ. ಜನ ಎರಡನ್ನೂ ಒಂದೇ ಎಂದುಕೊಂಡು ಎಡವುತ್ತಾರೆ.

ಮೊದಲನೆಯದು ಹೈಸ್ಕೂಲ್ ಮುಗಿಸುವ ಲೆಕ್ಕ. ಎಲೆಕ್ಟಿವ್ ವಿಷಯದಲ್ಲಿ ರಾಜ್ಯದ ಕಾನೂನು ಕೇಳುವುದು ಕಡಿಮೆ: ಕಲೆ, ಬೇರೆ ಭಾಷೆ, ಇಲ್ಲವೇ ಸಿಟಿಇ, ಈ ಮೂರರಲ್ಲಿ ಯಾವುದಾದರೂ ಒಂದು ವರ್ಷ. ಸಿಟಿಇ ಎಂದರೆ ಕರಿಯರ್ ಟೆಕ್ನಿಕಲ್ ಎಜುಕೇಶನ್, ಅಂದರೆ ಕಸುಬಿಗೆ ಹತ್ತಿರವಾದ ಕ್ಲಾಸುಗಳು. ಮರಗೆಲಸ, ಆಟೋ ರಿಪೇರಿ, ಅಡುಗೆ, ವಿಡಿಯೊ ತಯಾರಿಕೆ ಇಂಥವು. ನಿಮ್ಮ ಶಾಲಾ ಜಿಲ್ಲೆ ಇದಕ್ಕಿಂತ ಜಾಸ್ತಿ ಕೇಳಬಹುದು.

ಎರಡನೆಯದು ಕಾಲೇಜಿನ ಲೆಕ್ಕ. ಬರ್ಕ್ಲಿ, ಲಾಸ್ ಏಂಜಲಿಸ್, ಡೇವಿಸ್ ಎಲ್ಲ ಸೇರಿದ ಯೂಸಿಗೂ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ), ಸ್ಯಾನ್ ಹೊಸೆಯಂಥ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕಾಲೇಜುಗಳಿಗೂ "ಎ-ಜಿ" ಎಂಬ ಪಟ್ಟಿ ಇದೆ. ಎ ಇಂದ ಜಿ ವರೆಗೆ 7 ಗುಂಪು, ಒಟ್ಟು 15 ವರ್ಷ-ಕೋರ್ಸು. ಅದರಲ್ಲಿ ಎಫ್ ಗುಂಪು ಕಲೆಯದು: ನೃತ್ಯ, ನಾಟಕ, ಸಂಗೀತ, ಚಿತ್ರಕಲೆ ಮುಂತಾದವು. ಅಲ್ಲಿ ಒಂದು ವರ್ಷ ಕಡ್ಡಾಯ. ಜಿ ಗುಂಪು ಎಂದರೆ ಕಾಲೇಜು ಮಟ್ಟಕ್ಕೆ ತಯಾರು ಮಾಡುವ ಎಲೆಕ್ಟಿವ್, ಅದೂ ಒಂದು ವರ್ಷ.

ಹಾಗಾಗಿ ಹೈಸ್ಕೂಲ್ ಮುಗಿಸಲು ಸಾಕಾದದ್ದು ಯೂಸಿಗೆ ಸಾಲದೆ ಹೋಗಬಹುದು. ಸ್ಪ್ಯಾನಿಷ್ ಓದಿದರೆ ರಾಜ್ಯದ ಲೆಕ್ಕ ಮುಗಿಯಿತು, ಆದರೆ ಎಫ್ ಖಾಲಿಯೇ ಉಳಿಯಿತು. 12ನೇ ಕ್ಲಾಸಿನಲ್ಲಿ ಇದು ಗೊತ್ತಾಗಿ, ಎಪಿ ಕ್ಲಾಸುಗಳ (ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಕ್ಲಾಸುಗಳ) ಮಧ್ಯೆ 9ನೇ ಕ್ಲಾಸಿನ ಮಕ್ಕಳ ಜೊತೆ ಕೂತು ಆರ್ಟ್-1 ಮಾಡಿದವರಿದ್ದಾರೆ.

ನೋಡುವುದು ಹೇಗೆ? ಯೂಸಿಯವರ ಎ-ಜಿ ಕೋರ್ಸ್ ಪಟ್ಟಿ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ತೆರೆದಿದೆ. ನಿಮ್ಮ ಶಾಲೆಯ ಹೆಸರು ಹಾಕಿ, ವರ್ಷ ಆರಿಸಿ, ಎಫ್ ಗುಂಪು ತೆರೆಯಿರಿ. ಅಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಪಕ್ಕದ ಊರಿನ ಶಾಲೆಯ ವುಡ್ ಶಾಪ್ ಪಟ್ಟಿಯಲ್ಲಿದ್ದು ನಿಮ್ಮದು ಇಲ್ಲದೆ ಇರಬಹುದು, ಯಾಕೆಂದರೆ ಪ್ರತಿ ಶಾಲೆಯೂ ತನ್ನ ಕೋರ್ಸಿಗೆ ಒಪ್ಪಿಗೆ ಪಡೆಯಬೇಕು. ಸ್ನೇಹಿತರ ಮಾತು ಕೇಳಿ ತೀರ್ಮಾನ ಮಾಡಬೇಡಿ.

ಗ್ರೇಡ್ ಬಗ್ಗೆ ಒಂದು ಎಚ್ಚರ. ಡಿ ಬಂದರೂ ಹೈಸ್ಕೂಲ್ ಕ್ರೆಡಿಟ್ ಸಿಗುತ್ತದೆ. ಎ-ಜಿ ಲೆಕ್ಕಕ್ಕೆ ಮಾತ್ರ ಸಿ ಅಥವಾ ಮೇಲೆ ಬರಬೇಕು. ಇನ್ನೊಂದು, ಎಫ್ ಗುಂಪನ್ನು ಒಂದೇ ಕಲೆಯ ಪೂರ್ತಿ ವರ್ಷದ ಕ್ಲಾಸಿನಿಂದ ತುಂಬಿಸಿದರೆ ತಂಟೆಯೇ ಇಲ್ಲ. ಅರ್ಧ ವರ್ಷ ಅದು, ಅರ್ಧ ವರ್ಷ ಇದು ಮಾಡುವುದಾದರೆ ಮೊದಲೇ ಕೌನ್ಸೆಲರನ್ನು ಕೇಳಿ. ಕೌನ್ಸೆಲರ್ ಎಂದರೆ ಮಗುವಿನ ಟೈಂಟೇಬಲ್ ನೋಡಿಕೊಳ್ಳುವ ಶಾಲೆಯ ಸಿಬ್ಬಂದಿ, ಮನಸ್ಸಿನ ಡಾಕ್ಟರಲ್ಲ.

3. "ಎಂಟು ವರ್ಷ ಭರತನಾಟ್ಯ ಕಲಿತಿದ್ದಾಳೆ, ಅದು ಲೆಕ್ಕಕ್ಕೆ ಬರಲ್ವಾ?"

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬರುವುದಿಲ್ಲ. ರಂಗಪ್ರವೇಶ ಆಗಿರಲಿ, ಕರ್ನಾಟಕ ಸಂಗೀತದ ಸೀನಿಯರ್ ಪರೀಕ್ಷೆ ಆಗಿರಲಿ, ಹೊರಗಿನ ಕ್ಲಾಸು ಎಫ್ ಗುಂಪಿನ ಜಾಗ ತುಂಬುವುದಿಲ್ಲ. ಶಾಲೆಯಲ್ಲಿ ಒಪ್ಪಿಗೆ ಪಡೆದ ಕೋರ್ಸು, ಇಲ್ಲವೇ ಯೂಸಿ ಒಪ್ಪುವ ಕಾಲೇಜು ಕೋರ್ಸು ಆಗಬೇಕು. ಕಲಿತದ್ದು ದಂಡ ಅಂತಲ್ಲ. ಕಾಲೇಜಿನ ಅರ್ಜಿಯಲ್ಲಿ ಚಟುವಟಿಕೆಗಳ ಭಾಗವಿದೆ, ಅಲ್ಲಿ ವಾರಕ್ಕೆ ಎಷ್ಟು ಗಂಟೆ, ಎಷ್ಟು ವರ್ಷ ಎಂದು ಬರೆದರೆ ಒಳ್ಳೆಯ ತೂಕ ಬರುತ್ತದೆ. ಕೆಲವು ಶಾಲಾ ಜಿಲ್ಲೆಗಳು ಹೊರಗಿನ ನೃತ್ಯಾಭ್ಯಾಸಕ್ಕೆ ಪಿಇ ಬದಲಿಗೆ ಕ್ರೆಡಿಟ್ ಕೊಡುತ್ತವೆ. ಎಲ್ಲ ಕಡೆ ಇಲ್ಲ, ಕೇಳಿ ನೋಡುವುದರಲ್ಲಿ ನಷ್ಟವೇನಿಲ್ಲ.

ಸಂಗೀತದ ಮಕ್ಕಳಿಗೆ ಒಂದು ಕಿವಿಮಾತು. ನಮ್ಮ ಪಿಟೀಲು ಕಲಿತ ಮಗು ಶಾಲೆಯ ಆರ್ಕೆಸ್ಟ್ರಾಗೆ ಸೇರಿದರೆ ಮೊದಲ ತಿಂಗಳು ಕಷ್ಟ. ನಮ್ಮಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಕಾಲಿನ ಮೇಲಿಟ್ಟು ನುಡಿಸುತ್ತೇವೆ. ಅಲ್ಲಿ ಕುರ್ಚಿ, ಗಲ್ಲದ ಕೆಳಗೆ ಪಿಟೀಲು. ನಮ್ಮ ತಂತಿಗಳು ಸ-ಪ-ಸ-ಪ. ಅಲ್ಲಿ ಜಿ-ಡಿ-ಎ-ಇ. ಎಲ್ಲಕ್ಕಿಂತ ದೊಡ್ಡ ಅಡ್ಡಿ ಐದು ಗೆರೆಯ ಸ್ವರಲಿಪಿ. ಕಿವಿಯಲ್ಲಿ ಕೇಳಿ ನುಡಿಸುವ ಮಗುವಿಗೆ ಕಣ್ಣಲ್ಲಿ ಓದಿ ನುಡಿಸು ಎಂದರೆ ಗಾಬರಿಯಾಗುತ್ತದೆ. ಬೇಸಿಗೆಯಲ್ಲೇ ಆ ಓದು ಕಲಿಸಿಬಿಟ್ಟರೆ ಆಮೇಲೆ ಬೇಗ ಹೊಂದಿಕೊಳ್ಳುತ್ತಾರೆ. ಮೃದಂಗ, ತಬಲಾ ಕೈ ಇರುವವರು ಪರ್ಕಶನ್ (ತಾಳವಾದ್ಯ) ವಿಭಾಗ ನೋಡಿ.

4. ಕ್ಲಾಸಿನೊಳಗೆ ಏನು ನಡೆಯುತ್ತದೆ ತಿಳಿದುಕೊಳ್ಳಿ

ಹೆಸರು ನೋಡಿ ಆರಿಸಿದರೆ ಮೋಸ ಹೋಗುತ್ತೀರಿ. ಜನ ಜಾಸ್ತಿ ಕೇಳುವ ನಾಲ್ಕೈದು ಕ್ಲಾಸುಗಳ ಒಳಗು ಇಲ್ಲಿದೆ.

ಸೆರಾಮಿಕ್ಸ್. ಜೇಡಿಮಣ್ಣಿನ ಕೆಲಸ. "ಸುಲಭದ ಎ" ಎಂದು ಸೇರುವವರು ಇಲ್ಲೇ ಜಾಸ್ತಿ. ಮೊದಲು ಮಣ್ಣನ್ನು ಚಪಾತಿ ಹಿಟ್ಟಿನ ಹಾಗೆ ಒತ್ತಿ ಒತ್ತಿ ನಾದಿ ಒಳಗಿನ ಗಾಳಿ ತೆಗೆಯಬೇಕು. ಕಪ್ಪಿಗೆ ಹಿಡಿ ಅಂಟಿಸುವಾಗ ಎರಡೂ ಕಡೆ ಗೀರು ಹಾಕಿ, ದೋಸೆ ಹಿಟ್ಟಿನಷ್ಟು ನೀರಾಗಿ ಕಲಸಿದ ಅದೇ ಮಣ್ಣು ಸವರಿ ಒತ್ತಬೇಕು. ಸುಮ್ನೆ ಅಂಟಿಸಿದರೆ ಒಣಗುವಾಗಲೇ ಬಿದ್ದುಹೋಗುತ್ತದೆ. ಆಮೇಲೆ ಪೂರ್ತಿ ಒಣಗಬೇಕು. ಒಣಗಿದೆಯಾ ನೋಡಲು ಕೆನ್ನೆಗೆ ಒತ್ತಿ ಹಿಡಿಯುತ್ತಾರೆ, ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಹಸಿ ಇರುವಾಗಲೇ ಆವಿಗೆಗೆ, ಅಂದರೆ ಮಡಕೆ ಸುಡುವ ಗೂಡಿಗೆ, ಹಾಕಿದರೆ ಒಳಗಿನ ನೀರು ಹಬೆಯಾಗಿ ಮಡಕೆ ಸಿಡಿಯುತ್ತದೆ, ಪಕ್ಕದಲ್ಲಿ ಇಟ್ಟ ಬೇರೆ ಮಕ್ಕಳ ಕೆಲಸವೂ ಹಾಳು. ಸುಮಾರು 1,000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊದಲ ಸುಡುವಿಕೆ. ಅದಾದ ಮೇಲೆ ಗ್ಲೇಜ್, ಅಂದರೆ ಗಾಜಿನ ಹೊಳಪು ಕೊಡುವ ಲೇಪ. ಮತ್ತೆ ಸುಡಬೇಕು. ಗ್ಲೇಜ್ ಮಡಕೆಯ ತಳಕ್ಕೆ ತಗುಲಿದ್ದರೆ ಅದು ಆವಿಗೆಯ ಹಲಗೆಗೆ ಅಂಟಿ ಕೂರುತ್ತದೆ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಒಂದು ವಾರ ರಜೆ ಹಾಕಿದ ಮಗು ಮನೆಯಲ್ಲಿ ಓದಿ ಇದನ್ನು ಸರಿದೂಗಿಸುವ ಹಾಗಿಲ್ಲ. ಅರ್ಧ ಮಾಡಿಟ್ಟ ಮಡಕೆ ಅಷ್ಟರಲ್ಲಿ ಒಣಗಿ ಕಲ್ಲಾಗಿರುತ್ತದೆ.

ವುಡ್ ಶಾಪ್. ಮೊದಲ ಕೆಲವು ವಾರ ಮರ ಮುಟ್ಟಲು ಬಿಡುವುದಿಲ್ಲ. ಪ್ರತಿ ಯಂತ್ರಕ್ಕೂ ಸುರಕ್ಷತೆಯ ಪರೀಕ್ಷೆ, ಹೆಚ್ಚಿನ ಕಡೆ 100ಕ್ಕೆ 100 ಬರಬೇಕು. ತಪ್ಪಿದರೆ ಮತ್ತೆ ಬರೆಯಬೇಕು. ಕನ್ನಡಕ, ಮುಚ್ಚಿದ ಶೂ, ಕಟ್ಟಿದ ಕೂದಲು ಕಡ್ಡಾಯ. ನಮ್ಮ ಮನೆಗಳಿಗೆ ಬೇಕಾದ ಮಾತು: ಕೈಗೆ ಕಟ್ಟಿದ ದೇವಸ್ಥಾನದ ದಾರ, ರಾಖಿ, ಕಡಗ, ಬಳೆ, ಉಂಗುರ ಯಾವುದೂ ತಿರುಗುವ ಗರಗಸದ ಹತ್ತಿರ ಇರಬಾರದು. ದಾರ ಸಿಕ್ಕಿಕೊಂಡರೆ ಕೈ ಸಮೇತ ಎಳೆದುಕೊಳ್ಳುತ್ತದೆ. "ಪೂಜೆಯದು, ತೆಗೆಯಬೇಡ" ಎಂದು ಮಗುವಿಗೆ ಹೇಳಿ ಕಳಿಸಬೇಡಿ. ತೆಗೆದು ಜೇಬಿನಲ್ಲಿಟ್ಟುಕೊಳ್ಳಲಿ.

ಭಾರತದಿಂದ ಹೊಸದಾಗಿ ಬಂದ ಮಕ್ಕಳಿಗೆ ಇನ್ನೊಂದು ತೊಡಕು ಅಳತೆ. ಇಲ್ಲಿ ಎಲ್ಲ ಇಂಚು, ಅದೂ 16ರ ಭಾಗಗಳಲ್ಲಿ. 5/8 ದೊಡ್ಡದೋ 11/16 ದೊಡ್ಡದೋ ಎಂದು ನಿಂತ ಕಾಲಲ್ಲಿ ಗೊತ್ತಾಗಬೇಕು. ಅಂಗಡಿಯಲ್ಲಿ "ಟೂ ಬೈ ಫೋರ್" ಎಂದು ಮಾರುವ ಹಲಗೆ ನಿಜವಾಗಿ ಒಂದೂವರೆ ಇಂಚಿಗೆ ಮೂರೂವರೆ ಇಂಚು. ಇದು ಗೊತ್ತಿಲ್ಲದೆ ಲೆಕ್ಕ ಹಾಕಿದ ಸ್ಟೂಲಿನ ಕಾಲು ಯಾವತ್ತೂ ಕೂಡುವುದಿಲ್ಲ. ಮನೆಯಲ್ಲಿ ಒಂದು ಟೇಪ್ ಕೊಟ್ಟು ಬಾಗಿಲು, ಮೇಜು ಅಳೆಯಲು ಹಚ್ಚಿ. ಒಂದು ವಾರದಲ್ಲಿ ಕೂತುಕೊಳ್ಳುತ್ತದೆ.

ಕಲಿನರಿ. ಅಡುಗೆ ಕ್ಲಾಸು. ಸಸ್ಯಾಹಾರಿ ಮನೆಯವರು ಶಾಲೆ ಶುರುವಾಗುವ ಮೊದಲೇ ಟೀಚರಿಗೆ ಒಂದು ಇಮೇಲ್ ಹಾಕಿ. ನಾಲ್ಕೈದು ಮಕ್ಕಳ ಗುಂಪು ಸೇರಿ ಅಡುಗೆ ಮಾಡುತ್ತದೆ, ಕೋಳಿ ಕತ್ತರಿಸುವ ಪಾಠವೂ ಇರಬಹುದು. "ತಿನ್ನೋದಿಲ್ಲ" ಎನ್ನುವುದೂ "ಮುಟ್ಟೋದಿಲ್ಲ" ಎನ್ನುವುದೂ ಬೇರೆ ಬೇರೆ, ನಿಮ್ಮದು ಯಾವುದು ಎಂದು ಸ್ಪಷ್ಟವಾಗಿ ಬರೆಯಿರಿ. ಮೊಟ್ಟೆ ಬಗ್ಗೆ ಬೇರೆಯಾಗಿ ಹೇಳಿ, ಇಲ್ಲಿನವರಿಗೆ ವೆಜಿಟೇರಿಯನ್ ಎಂದರೆ ಮೊಟ್ಟೆ ಸೇರಿರುತ್ತದೆ. ಮಾರ್ಶ್‌ಮೆಲೋದಲ್ಲಿ ಇರುವ ಜೆಲಾಟಿನ್ ಪ್ರಾಣಿಮೂಲದ್ದು ಎಂಬುದು ಮಗುವಿಗೂ ಗೊತ್ತಿರಲಿ. ಹೆಚ್ಚಿನ ಟೀಚರುಗಳು ಬದಲಿ ಕೆಲಸ ಕೊಡುತ್ತಾರೆ, ಆದರೆ ಅಡುಗೆ ದಿನ ಬೆಳಿಗ್ಗೆ ಹೇಳಿದರೆ ಅವರಾದರೂ ಏನು ಮಾಡಿಯಾರು? ಕೆಲವು ಕ್ಲಾಸುಗಳಲ್ಲಿ ಫುಡ್ ಹ್ಯಾಂಡ್ಲರ್ ಕಾರ್ಡಿನ ಪರೀಕ್ಷೆಯನ್ನೂ ಬರೆಸುತ್ತಾರೆ. ಹೋಟೆಲಿನಲ್ಲಿ ಕೆಲಸ ಮಾಡುವವರು ಇಟ್ಟುಕೊಳ್ಳಬೇಕಾದ ಕಾರ್ಡ್ ಅದು. 70% ಬಂದರೆ ಪಾಸು, 3 ವರ್ಷ ನಡೆಯುತ್ತದೆ. ಬೇಸಿಗೆಯ ಕೆಲಸಕ್ಕೆ ಉಪಯೋಗ.

ಥಿಯೇಟರ್. ನಾಚಿಕೆ ಸ್ವಭಾವದ ಮಗು ಎಂದು ಇದನ್ನು ಹೊಡೆದು ಹಾಕಬೇಡಿ. ಸ್ಟೇಜ್ ಹಿಂದಿನ ಕೆಲಸಕ್ಕೇ ಬೇರೆ ಕ್ಲಾಸು ಇರುತ್ತದೆ: ಬೆಳಕು, ಧ್ವನಿ, ಸೆಟ್ ಕಟ್ಟುವುದು. ನಾಟಕದ ಹಿಂದಿನ ವಾರವನ್ನು "ಟೆಕ್ ವೀಕ್" ಎನ್ನುತ್ತಾರೆ, ಆ ವಾರ ಮಗು ರಾತ್ರಿ ಊಟಕ್ಕೆ ಮನೆಗೆ ಬರುವುದಿಲ್ಲ ಎಂದೇ ತಿಳಿಯಿರಿ.

ಮಾರ್ಚಿಂಗ್ ಬ್ಯಾಂಡ್. ಮೈದಾನದಲ್ಲಿ ಹೆಜ್ಜೆ ಹಾಕುತ್ತಾ ವಾದ್ಯ ನುಡಿಸುವ ಶಾಲೆಯ ತಂಡ. ಇದು ಕ್ಲಾಸಲ್ಲ, ಒಂದು ಸಂಸಾರ. ಶುಕ್ರವಾರ ಸಂಜೆ ಫುಟ್‌ಬಾಲ್ ಪಂದ್ಯ, ಶನಿವಾರ ಸ್ಪರ್ಧೆ, ಶಾಲೆ ಶುರುವಾಗುವ ಮೊದಲೇ ಬ್ಯಾಂಡ್ ಕ್ಯಾಂಪ್. ನಾವು ಎಡವಿದ್ದು ಇಲ್ಲೇ. ಫೆಬ್ರವರಿಯಲ್ಲೇ ಬೆಂಗಳೂರಿಗೆ ಅಗ್ಗದ ಟಿಕೆಟ್ ತೆಗೆದು, ಶಾಲೆ ಶುರುವಾಗುವ ಎರಡು ದಿನ ಮೊದಲು ವಾಪಸ್ ಬಂದೆವು. ಕ್ಯಾಂಪ್ ಅಷ್ಟರಲ್ಲಿ ಮುಗಿದೇ ಹೋಗಿತ್ತು, ಮೈದಾನದಲ್ಲಿ ಯಾರು ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಹಂಚಿಕೆಯಾಗಿತ್ತು. ಮಗ ಆ ಸೀಸನ್ ಪೂರ್ತಿ ಬದಲಿ ಆಟಗಾರನ ಹಾಗೆ ಪಕ್ಕದಲ್ಲಿ ನಿಂತ. ಟಿಕೆಟ್ ತೆಗೆಯುವ ಮೊದಲು ಬ್ಯಾಂಡ್ ಕ್ಯಾಲೆಂಡರ್ ನೋಡಿ. ಕೆಲವು ಶಾಲೆಗಳಲ್ಲಿ ಇದಕ್ಕೆ ಪಿಇ ಕ್ರೆಡಿಟ್ ಕೂಡ ಸಿಗುತ್ತದೆ, ಹಾಗಾದರೆ ಒಂದು ಜಾಗ ಉಳಿಯಿತು.

5. ಕ್ಯಾಟಲಾಗಿನ ಸಣ್ಣ ಅಕ್ಷರ ಓದಿ

ಪ್ರತಿ ಕೋರ್ಸಿನ ಕೆಳಗೆ ಎರಡು ಸಾಲು ಇರುತ್ತವೆ. ಅಲ್ಲಿ ನೋಡಬೇಕಾದ್ದು: ಒಂದು ಸೆಮಿಸ್ಟರಿನದೋ ಪೂರ್ತಿ ವರ್ಷದ್ದೋ, ಯಾವ ಕ್ಲಾಸಿನವರಿಗೆ, ಪ್ರಿರಿಕ್ವಿಸಿಟ್ ಇದೆಯಾ. ಪ್ರಿರಿಕ್ವಿಸಿಟ್ ಎಂದರೆ ಅದಕ್ಕೆ ಮೊದಲು ಮುಗಿಸಿರಬೇಕಾದ ಕ್ಲಾಸು. 12ರಲ್ಲಿ ಮೂರನೇ ಹಂತದ ಫೋಟೋಗ್ರಫಿ ಮಾಡುವ ಆಸೆ ಇದ್ದರೆ 10ರಲ್ಲೇ ಮೊದಲ ಹಂತ ಶುರುವಾಗಿರಬೇಕು. ಆಡಿಶನ್ ಇದ್ದರೆ ಅದರ ದಿನಾಂಕ ಫಾರ್ಮ್ ಕೊಡುವ ದಿನಕ್ಕಿಂತ ಮೊದಲೇ ಇರಬಹುದು.

ಕೆಲವು ವರ್ಷದ ಹಿಂದೆ ಓದಿದ ನೆಂಟರ ಮಗನ ಅನುಭವ ನಂಬಬೇಡಿ. 2022ರಲ್ಲಿ ಮತದಾರರು ಒಪ್ಪಿದ ಪ್ರಾಪ್ 28 ಎಂಬ ರಾಜ್ಯದ ಪ್ರಸ್ತಾವದಿಂದ ಕಲೆ ಮತ್ತು ಸಂಗೀತಕ್ಕೆಂದೇ ಶಾಲೆಗಳಿಗೆ ಬೇರೆಯಾಗಿ ದುಡ್ಡು ಬರುತ್ತಿದೆ. ಅವನ ಕಾಲದಲ್ಲಿ ಇಲ್ಲದ ಕ್ಲಾಸು ಈಗ ಇರಬಹುದು.

6. ಫಾರ್ಮ್ ತುಂಬಿ

ಒಂದನೇ ಆಯ್ಕೆ ಒಂದೇ ಬರೆದು ಉಳಿದದ್ದು ಖಾಲಿ ಬಿಟ್ಟರೆ "ಅದನ್ನೇ ಕೊಡ್ತಾರೆ" ಎಂದು ಕೆಲವರು ತಿಳಿದಿದ್ದಾರೆ. ಉಲ್ಟಾ. ಅದು ಸಿಗದಿದ್ದರೆ ಖಾಲಿ ಇರುವ ಯಾವುದಾದರೂ ಕ್ಲಾಸಿಗೆ ತುಂಬಿಬಿಡುತ್ತಾರೆ. ಎರಡನೆಯದು, ಮೂರನೆಯದು ಕೂಡ ಮಗು ನಿಜವಾಗಿ ಕೂರುವಂಥದ್ದೇ ಬರೆಯಿರಿ. ಫಾರ್ಮಿನ ಒಂದು ಫೋಟೋ ಇಟ್ಟುಕೊಳ್ಳಿ.

ಆಯ್ಕೆ ಯಾರದು ಎಂಬ ಜಗಳಕ್ಕೆ ನನ್ನ ಅಭಿಪ್ರಾಯ ಕೇಳಿದರೆ, ಮಗುವಿನದೇ. 19 ಜಾಗ ಹೇಗೂ ಬೇರೆಯವರು ತುಂಬಿಸಿದ್ದಾರೆ. ಗೆಳೆಯ ಸೇರಿದ ಎಂಬ ಒಂದೇ ಕಾರಣಕ್ಕೆ ಸೇರುವುದಾದರೆ ಮಾತ್ರ ಒಂದು ಸಲ ಕೂರಿಸಿ ಮಾತಾಡಿ, ಆ ಗೆಳೆಯನಿಗೆ ಬೇರೆ ಪೀರಿಯಡ್ ಬರುವ ಸಾಧ್ಯತೆಯೇ ಜಾಸ್ತಿ.

7. ಮೊದಲ ಎರಡು ವಾರ ಕಣ್ಣಿಡಿ

ಆಗಸ್ಟ್‌ನಲ್ಲಿ ಟೈಂಟೇಬಲ್ ಕೈಗೆ ಬರುತ್ತದೆ. ತಪ್ಪಿದ್ದರೆ ಅಂದೇ ಕೌನ್ಸೆಲರಿಗೆ ಬರೆಯಿರಿ. ಕ್ಲಾಸು ಬದಲಿಸಲು, ಬಿಡಲು ಕೊನೆಯ ದಿನ ಒಂದಿರುತ್ತದೆ. ಆ ದಿನದೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಏನೂ ಉಳಿಯುವುದಿಲ್ಲ. ಆಮೇಲೆ ಬಿಟ್ಟರೆ ಡಬ್ಲ್ಯೂ (ಮಧ್ಯೆ ಬಿಟ್ಟಿದ್ದು) ಅಥವಾ ಎಫ್ (ಫೇಲ್) ಗ್ರೇಡ್ ಬೀಳಬಹುದು. ಈ ದಿನಾಂಕವನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

8. ದುಡ್ಡು ಕೇಳಿದರೆ

ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಸ್ಕೂಲು ಕ್ಲಾಸಿಗೆ ಕಡ್ಡಾಯ ಫೀಸು ಹಾಕುವಂತಿಲ್ಲ. 2012ರ ಕಾನೂನು ಇದನ್ನು ಇನ್ನಷ್ಟು ಬಿಗಿ ಮಾಡಿದೆ. ಮಣ್ಣು, ಬಣ್ಣ, ಬ್ಯಾಂಡಿನ ವಾದ್ಯ, ಸಮವಸ್ತ್ರ ಎಲ್ಲ ಇದರಲ್ಲಿ ಸೇರಿವೆ. "ದೇಣಿಗೆ" ಕೇಳಬಹುದು, ಕೊಡದಿದ್ದರೆ ಮಗುವನ್ನು ಹೊರಗಿಡುವಂತಿಲ್ಲ, ಗ್ರೇಡ್ ಇಳಿಸುವಂತಿಲ್ಲ. ಒಂದು ವಿನಾಯಿತಿ ಇದೆ: ಮಗು ಮಾಡಿ ಮನೆಗೆ ತರುವ ಸ್ಟೂಲು, ಹೊಲಿದ ಚೀಲ ಇಂಥವಕ್ಕೆ ಸಾಮಾನಿನ ಬೆಲೆ ಕೇಳಬಹುದು. ಕೈಲಾದವರು ದೇಣಿಗೆ ಕೊಡಿ, ಆವಿಗೆಯ ಕರೆಂಟ್ ಬಿಲ್ಲು ಕಡಿಮೆಯೇನಲ್ಲ. ಕಷ್ಟ ಇರುವವರು ಸಂಕೋಚ ಪಡಬೇಡಿ, ಕೇಳುವುದು ನಿಮ್ಮ ಹಕ್ಕು.

9. ಮಗುವಿಗೆ ರುಚಿ ಹತ್ತಿದರೆ

ಮುಂದಿನ ದಾರಿ ಎರಡು. ಒಂದು ಸಿಟಿಇ ಪಾತ್‌ವೇ, ಅಂದರೆ ಒಂದೇ ಕಸುಬಿನಲ್ಲಿ ಒಂದರ ಮೇಲೊಂದು ಹಂತದ ಕ್ಲಾಸುಗಳು. ಜೊತೆಗೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಹೈಸ್ಕೂಲ್ ಮಕ್ಕಳು ಕ್ಲಾಸು ತಗೊಳ್ಳಬಹುದು, ಸಾಮಾನ್ಯವಾಗಿ ಕಲಿಕಾ ಶುಲ್ಕವೂ ಇರುವುದಿಲ್ಲ. ಅಪ್ಪ-ಅಮ್ಮ ಮತ್ತು ಶಾಲೆ ಇಬ್ಬರೂ ಫಾರ್ಮಿಗೆ ಸಹಿ ಹಾಕಬೇಕು. ಆದರೆ ಆ ಗ್ರೇಡು ಕಾಲೇಜಿನ ದಾಖಲೆಯಲ್ಲಿ ಶಾಶ್ವತ, ಹುಡುಗಾಟವಲ್ಲ.

ಇನ್ನೊಂದು ಎಪಿ ಆರ್ಟ್ ಅಂಡ್ ಡಿಸೈನ್. ಇದಕ್ಕೆ ಮೂರು ಗಂಟೆಯ ಪರೀಕ್ಷೆ ಇಲ್ಲ. ಡ್ರಾಯಿಂಗ್, 2-ಡಿ, 3-ಡಿ ಎಂಬ ಮೂರರಲ್ಲಿ ಒಂದನ್ನು ಆರಿಸಿ, ಒಂದೇ ಪ್ರಶ್ನೆಯನ್ನು ಬೆನ್ನು ಹತ್ತಿ ಮಾಡಿದ ಕೆಲಸದ 15 ಚಿತ್ರ, ಅತ್ಯುತ್ತಮ ಎನಿಸಿದ 5 ಕೃತಿ, ಜೊತೆಗೆ ಸಣ್ಣ ಬರಹವನ್ನು ಮೇ ತಿಂಗಳ ಮೊದಲಲ್ಲಿ ಅಪ್‌ಲೋಡ್ ಮಾಡಬೇಕು. 15ರಲ್ಲಿ ಮುಗಿದ ಕೆಲಸ ಮಾತ್ರವಲ್ಲ, ಕೆಲಸ ನಡೆದ ಬಗೆಯೂ ಕಾಣಬೇಕು. ಅರ್ಧ ಗೀಚಿದ ಸ್ಕೆಚ್ಚು, ಕೆಟ್ಟುಹೋದ ಪ್ರಯತ್ನ ಎಲ್ಲವೂ ಬೇಕು.

ಹಾಗಾಗಿ 9ನೇ ಕ್ಲಾಸಿನಿಂದಲೇ ಏನನ್ನೂ ಎಸೆಯಬೇಡಿ. ಮಡಕೆ ಮನೆಗೆ ಬಂದ ದಿನವೇ ಕಿಟಕಿ ಪಕ್ಕ ಒಂದು ಬಿಳಿ ಬೆಡ್‌ಶೀಟ್ ಹಾಸಿ, ಫ್ಲಾಶ್ ಇಲ್ಲದೆ ಮೂರು ಕಡೆಯಿಂದ ಫೋಟೋ ತೆಗೆದು, ತಾರೀಕು ಹಾಕಿ ಒಂದು ಫೋಲ್ಡರಿನಲ್ಲಿಡಿ. ಆಮೇಲೆ ಅದರಲ್ಲಿ ತುಳಸಿ ನೆಡುತ್ತೀರೋ ಪೆನ್ನು ಇಡುತ್ತೀರೋ ನಿಮ್ಮಿಷ್ಟ.